ಕಮಾನಿನ ಅಡಿಯಲ್ಲಿದ್ದವರಿಗೆ ನೀರು ಸಿಗುತ್ತಿತ್ತೇ? ರೋಮನ್ನರ ಕಾಲುವೆಗಳು ಮತ್ತು ಹಳ್ಳಿಗಳು

ಮೊನ್ನೆ ತರಗತಿಯಲ್ಲಿ ಪ್ರಾಚೀನ ರೋಮ್ ಬಗ್ಗೆ ಹೇಳುತ್ತಿದ್ದೆ. ಗೋಡೆಗೆ ಒಂದು ದೊಡ್ಡ ಚಿತ್ರ ಅಂಟಿಸಿದ್ದೆ. ಫ್ರಾನ್ಸ್ ದೇಶದ ಗಾರ್ಡೋಂ ಎಂಬ ನದಿಯ ಮೇಲೆ ನಿಂತಿರುವ ಮೂರು ಅಂತಸ್ತಿನ ಕಮಾನು ಸೇತುವೆ ಅದು. ಹೆಸರು ಪೋಂ ದ್ಯು ಗಾರ್. ಸುಮಾರು 49 ಮೀಟರ್ ಎತ್ತರ. ನೋಡಲು ಸೇತುವೆಯಂತಿದ್ದರೂ ಕಟ್ಟಿದ್ದು ಜನ ದಾಟಲಿಕ್ಕಲ್ಲ, ನೀರು ದಾಟಲಿಕ್ಕೆ. ತುತ್ತತುದಿಯಲ್ಲಿ ಒಂದು ಕಾಲುವೆ. ಆ ನೀರು ಹೋಗುತ್ತಿದ್ದದ್ದು ನೀಮ್ ಎಂಬ ಪಟ್ಟಣಕ್ಕೆ.

ಮಕ್ಕಳು ಬಾಯಿಬಿಟ್ಟು ನೋಡಿದರು. ಎರಡು ಸಾವಿರ ವರ್ಷಗಳ ಹಿಂದೆಯೇ ಇಷ್ಟು ದೊಡ್ಡ ಕಲ್ಲುಗಳನ್ನು ಎತ್ತಿದರಲ್ಲ ಎಂದು ನಾನೂ ಹುಮ್ಮಸ್ಸಿನಿಂದ ಹೇಳುತ್ತಿದ್ದೆ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಮಾಷ್ಟ್ರೇ, ಆ ಕಮಾನಿನ ಅಡಿಯಲ್ಲಿ ಇದ್ದವರಿಗೆ ನೀರು ಸಿಗ್ತಿತ್ತಾ?”

ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಅವಳ ಮನೆಯ ಮುಂದಿನ ರಸ್ತೆಯಂಚಿನಲ್ಲೇ ಪೇಟೆಗೆ ನೀರು ಒಯ್ಯುವ ಪೈಪು ಹಾದುಹೋಗುತ್ತದೆ. ಅವರ ಮನೆಗೆ ಅದರಿಂದ ನಳ್ಳಿ ಇಲ್ಲ. ಏಪ್ರಿಲ್ ತಿಂಗಳಲ್ಲಿ ಬಾವಿ ತಳ ಕಂಡಾಗ ಪೈಪಿನ ಜಾಯಿಂಟಿನಲ್ಲಿ ಸೋರುವ ನೀರಿಗೆ ಕೊಡಪಾನ ಇಟ್ಟು ಕಾಯುತ್ತಾರೆ. ಅವಳು ಕೇಳಿದ್ದು ರೋಮಿನ ಪ್ರಶ್ನೆಯೂ ಹೌದು, ಅವಳದೇ ಮನೆಯ ಪ್ರಶ್ನೆಯೂ ಹೌದು.

ಆ ದಿನ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. “ನಾಳೆ ಹೇಳುತ್ತೇನೆ ಮಗಾ” ಎಂದೆ. ನಾಳೆ ಎಂದದ್ದು ಎರಡು ವಾರವಾಯಿತು. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇತರ ಶಾಲೆಗಳ ಮಕ್ಕಳಿಗೂ ಅಧ್ಯಾಪಕ ಮಿತ್ರರಿಗೂ ಉಪಯೋಗವಾದೀತು.

ಕಾಣುವ ಕಮಾನು, ಕಾಣದ ಕಾಲುವೆ

ಮೊದಲು ಒಂದು ತಪ್ಪು ಕಲ್ಪನೆ ತಿದ್ದಿಕೊಳ್ಳೋಣ. ರೋಮನ್ನರ ನೀರಿನ ವ್ಯವಸ್ಥೆ ಎಂದರೆ ಕಮಾನು ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಅದರ ಬಹುಭಾಗ ನೆಲದ ಅಡಿಯಲ್ಲಿತ್ತು. ರೋಮ್ ನಗರಕ್ಕೆ ಬಂದ ಮೊದಲ ಕಾಲುವೆ ಆಕ್ವಾ ಆಪ್ಪಿಯಾ, ಕ್ರಿ.ಪೂ. 312ರದು. ಉದ್ದ ಸುಮಾರು 16.5 ಕಿಲೋಮೀಟರ್. ಅದರಲ್ಲಿ ನೆಲದ ಮೇಲೆ ಕಾಣುತ್ತಿದ್ದದ್ದು 90 ಮೀಟರಿನಷ್ಟು ಮಾತ್ರ! ಕ್ರಿ.ಪೂ. 144ರಲ್ಲಿ ಕಟ್ಟಲು ತೊಡಗಿದ ಆಕ್ವಾ ಮಾರ್ಸಿಯಾ 91 ಕಿಲೋಮೀಟರ್ ಉದ್ದ. ಅದರಲ್ಲೂ 80 ಕಿಲೋಮೀಟರ್ ನೆಲದಡಿಯಲ್ಲೇ ಸಾಗಿತ್ತು. ತಗ್ಗು ಬಂದಲ್ಲಿ, ನಗರದ ಹತ್ತಿರದ ಬಯಲಿನಲ್ಲಿ ಮಾತ್ರ ಎತ್ತರ ಉಳಿಸಿಕೊಳ್ಳಲು ಕಮಾನು ಬೇಕಾಗುತ್ತಿತ್ತು.

ಕಾಲುವೆಗೆ ಪಂಪು ಇರಲಿಲ್ಲ. ನೀರು ತನ್ನಷ್ಟಕ್ಕೆ ಇಳಿದು ಬರಬೇಕು. ಇಳಿಜಾರು ಹೆಚ್ಚಾದರೆ ಕಾಲುವೆ ಕೊರೆದುಹೋಗುತ್ತದೆ, ಕಡಿಮೆಯಾದರೆ ನೀರು ನಿಲ್ಲುತ್ತದೆ. ನೀಮ್ ಪಟ್ಟಣದ ಕಾಲುವೆ ಸುಮಾರು 50 ಕಿಲೋಮೀಟರ್ ಉದ್ದ. ಆರಂಭಕ್ಕೂ ಕೊನೆಗೂ ಇರುವ ಎತ್ತರದ ವ್ಯತ್ಯಾಸ 12.6 ಮೀಟರ್. ಅಂದರೆ ಒಂದು ಕಿಲೋಮೀಟರಿಗೆ ಸರಾಸರಿ 25 ಸೆಂಟಿಮೀಟರ್, ಒಂದು ಗೇಣಿಗಿಂತ ತುಸು ಹೆಚ್ಚು. ಗಣಿತದ ಮಾಷ್ಟ್ರುಗಳು ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು.

ನಮ್ಮ ಕಾಸರಗೋಡಿನ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಬಾಯಾರು, ಪಡ್ರೆ ಕಡೆಯ ಮಕ್ಕಳು ಸುರಂಗ ನೋಡಿಯೇ ಬೆಳೆದವರು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ನೀರು ಹೊರಕ್ಕೆ ಹರಿಯುವಂತೆ ತುಸುವೇ ಇಳಿಜಾರು ಕೊಟ್ಟು, ಅಡಿಕೆ ಮರದ ದಂಬೆಯಲ್ಲಿ ಅದನ್ನು ಮದಕಕ್ಕೆ ಬಿಡುವುದನ್ನು ಅವರು ಬಲ್ಲರು. ರೋಮ್ ನಗರದ ಉತ್ತರಕ್ಕೆ, ವೇಯಿ ಎಂಬ ಹಳೆಯ ಪಟ್ಟಣದ ಸುತ್ತಮುತ್ತ ಮೆದು ಕಲ್ಲಿನಲ್ಲಿ ಕೊರೆದ ಇಂಥ ಕಿರಿದಾದ ಸುರಂಗಗಳು ಬೇಕಾದಷ್ಟಿವೆ. ಒಬ್ಬ ಆಳು ನಡೆದು ಹೋಗುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಹೆಚ್ಚಿನವು ಹೊಲದ ನೀರು ಬಸಿಯಲು, ಕೆಲವು ಕುಡಿಯುವ ನೀರಿಗೆ. ಅಲ್ಲಿಗೂ ಇಲ್ಲಿಗೂ ಸಂಬಂಧ ಇತ್ತೆಂದು ನಾನು ಹೇಳುತ್ತಿಲ್ಲ. ಉಪಾಯ ಒಂದೇ ಎಂದಷ್ಟೇ ಹೇಳುತ್ತಿದ್ದೇನೆ.

ನೀರಿನ ಅಧಿಕಾರಿಯ ಲೆಕ್ಕದ ಪುಸ್ತಕ

ಕ್ರಿ.ಶ. 97ರಲ್ಲಿ ನೆರ್ವಾ ಚಕ್ರವರ್ತಿಯು ಫ್ರಾಂಟಿನಸ್ ಎಂಬವನನ್ನು ರೋಮಿನ ನೀರಿನ ಮುಖ್ಯಾಧಿಕಾರಿಯಾಗಿ ನೇಮಿಸಿದ. ಈತ ಬ್ರಿಟನ್ನಿನ ರಾಜ್ಯಪಾಲನಾಗಿದ್ದು ಬಂದ ಹಿರಿಯ ಮನುಷ್ಯ. ಕೆಳಗಿನವರು ಹೇಳಿದ್ದಕ್ಕೆ ಸಹಿ ಹಾಕುವ ಜಾತಿಯವನಲ್ಲ. ಕೆಲಸ ವಹಿಸಿಕೊಂಡ ಕೂಡಲೇ ಒಂಬತ್ತು ಕಾಲುವೆಗಳ ಉದ್ದ, ಅಳತೆ, ಕಾನೂನು ಎಲ್ಲವನ್ನೂ ಬರೆದಿಟ್ಟ. 1429ರಲ್ಲಿ ಪೋಜ್ಜೋ ಬ್ರಾಚ್ಚೊಲೀನಿ ಎಂಬ ವಿದ್ವಾಂಸನಿಗೆ ಮೋಂಟೆ ಕಸ್ಸೀನೋ ಮಠದಲ್ಲಿ ಅದರ ಹಸ್ತಪ್ರತಿ ಸಿಕ್ಕಿತು. ಇಲ್ಲದಿದ್ದರೆ ಈ ಲೇಖನದ ಅರ್ಧ ಭಾಗ ಇರುತ್ತಿರಲಿಲ್ಲ.

ಆತ ಖುದ್ದಾಗಿ ಹೋಗಿ ಅಳೆದ. ಕಚೇರಿಯ ಕಡತದಲ್ಲಿ ಮಾರ್ಸಿಯಾ ಕಾಲುವೆಯ ನೀರು 2,162 ಕ್ವಿನಾರಿಯಾ ಎಂದಿತ್ತು. ಕ್ವಿನಾರಿಯಾ ಎಂದರೆ ಒಂದು ನಿಗದಿತ ಗಾತ್ರದ ಕೊಳವೆಯ ಬಾಯಿಯ ಅಳತೆ. ಕಾಲುವೆಯ ತಲೆಯಲ್ಲಿ ಅಳೆದರೆ 4,690 ಸಿಕ್ಕಿತು! ನಡುವಿನ 2,528 ಎಲ್ಲಿ ಹೋಯಿತು?

ನೀರುಗಂಟಿಗಳ ಕೈಚಳಕ ಒಂದು ಕಾರಣ ಎನ್ನುತ್ತಾನೆ ಫ್ರಾಂಟಿನಸ್. ನಗರದ ಬೀದಿಯ ಕಲ್ಲುಹಾಸಿನ ಅಡಿಯಲ್ಲಿ ಕಳ್ಳ ಕೊಳವೆ ಜೋಡಿಸಿ ದುಡ್ಡು ಮಾಡುತ್ತಿದ್ದರಂತೆ. ಇನ್ನೊಂದು ಕಾರಣ ನಮಗೆ ಮುಖ್ಯವಾದದ್ದು. ಕಾಲುವೆ ಯಾರ ಹೊಲದ ಮೂಲಕ ಹಾದುಹೋಗುತ್ತದೋ ಅವರಲ್ಲಿ ಅನೇಕರು ಕಾಲುವೆಯ ಗೋಡೆಗೆ ತೂತು ಕೊರೆದು ತಮ್ಮ ತೋಟಕ್ಕೆ ನೀರು ಹಾಯಿಸಿಕೊಳ್ಳುತ್ತಿದ್ದರು.

ಹಾಗಾದರೆ ಹುಡುಗಿಯ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿತು. ಸಿಗುತ್ತಿತ್ತು, ಕದ್ದರೆ!

ಆದರೆ ಕದಿಯದೆ ಪಡೆದವರೂ ಇದ್ದರು. ಫ್ರಾಂಟಿನಸ್ ಕೊಡುವ ಒಟ್ಟು ಲೆಕ್ಕ ಹೀಗಿದೆ: ಹಂಚಿಕೆಯಾದ ನೀರು 14,018 ಕ್ವಿನಾರಿಯಾ. ಅದರಲ್ಲಿ ನಗರದ ಹೊರಗೆ ಹೋದದ್ದು 4,063. ಹತ್ತರಲ್ಲಿ ಸುಮಾರು ಮೂರು ಪಾಲು! ಪರವಾಗಿಲ್ಲವೇ ಎನಿಸುತ್ತದೆ. ಆದರೆ ಮುಂದೆ ಓದಿ. ಆ 4,063ರಲ್ಲಿ 1,718 ಚಕ್ರವರ್ತಿಯ ಹೆಸರಿನಲ್ಲಿ. ಉಳಿದ 2,345 ಖಾಸಗಿಯವರಿಗೆ.

ಈ ಖಾಸಗಿಯವರು ಯಾರು?

ಇಲ್ಲಿ ಪುಸ್ತಕ ನಿಲ್ಲುತ್ತದೆ, ಪುರಾತತ್ತ್ವ ಮುಂದೆ ಬರುತ್ತದೆ. ರೋಮಿನ ದಕ್ಷಿಣಕ್ಕೆ ಆಪ್ಪಿಯನ್ ರಸ್ತೆಯ ಪಕ್ಕ ಒಂದು ಭಾರಿ ಬಂಗಲೆಯ ಅವಶೇಷವಿದೆ. ಸ್ನಾನಗೃಹಗಳೂ ಕಾರಂಜಿಯೂ ಇದ್ದ ಅರಮನೆಯಂಥ ಮನೆ. ಅದು ಯಾರದೆಂದು ಬಹುಕಾಲ ತಿಳಿದಿರಲಿಲ್ಲ. 19ನೇ ಶತಮಾನದ ಆರಂಭದಲ್ಲಿ ಅಲ್ಲಿ ಅಗೆದಾಗ ಸೀಸದ ನೀರಿನ ಕೊಳವೆಗಳು ಸಿಕ್ಕವು. ಕೊಳವೆಯ ಮೇಲೆ ಒಡೆಯರ ಹೆಸರು ಅಚ್ಚಾಗಿತ್ತು: ಕ್ವಿಂಟಿಲಿಯಸ್ ಮನೆತನದ ಇಬ್ಬರು ಅಣ್ಣತಮ್ಮಂದಿರು, ಕೊಂಡಿಯಾನಸ್ ಮತ್ತು ಮ್ಯಾಕ್ಸಿಮಸ್. ಅವರ ಮನೆಗೆ ಕಾಲುವೆಯ ಕವಲು ಬರುತ್ತಿತ್ತು. ಕ್ರಿ.ಶ. 182ರ ಸುಮಾರಿಗೆ ಕೊಮೋಡಸ್ ಚಕ್ರವರ್ತಿ ಇಬ್ಬರನ್ನೂ ಕೊಲ್ಲಿಸಿ ಮನೆಯನ್ನು ತನ್ನದಾಗಿಸಿಕೊಂಡ. ನೀರಿದ್ದ ಮನೆಯ ಮೇಲೆ ದೊರೆಯ ಕಣ್ಣೂ ಇತ್ತು.

ನೀರಿನ ಹಕ್ಕು ಚಕ್ರವರ್ತಿಯ ಅನುಗ್ರಹದಿಂದ ಬರುತ್ತಿತ್ತು. ಅರ್ಜಿ ಹಾಕಬೇಕು, ಅಪ್ಪಣೆಯ ಪತ್ರ ತರಬೇಕು, ಅಳತೆಯ ಮುದ್ರೆ ಒತ್ತಿದ ಕಂಚಿನ ಮೂತಿ ಕೂರಿಸಿಕೊಳ್ಳಬೇಕು. ಆ ಹಕ್ಕು ಮಗನಿಗೂ ಹೋಗುವುದಿಲ್ಲ, ಮನೆ ಕೊಂಡವನಿಗೂ ಹೋಗುವುದಿಲ್ಲ. ನಾಲ್ಕು ಎಕರೆಯ ರೈತನೊಬ್ಬ ಚಕ್ರವರ್ತಿಯ ಬಾಗಿಲು ತಟ್ಟುವುದುಂಟೇ?

ಅವನು ಏನು ಮಾಡುತ್ತಿದ್ದ? ಮಳೆನೀರು ಹಿಡಿಯುತ್ತಿದ್ದ. ರೋಮಿನ ಬ್ರಿಟಿಷ್ ಸ್ಕೂಲ್ ಎಂಬ ಸಂಸ್ಥೆ 1950ರ ದಶಕದಿಂದ ನಗರದ ಉತ್ತರದ ಹೊಲಗಳಲ್ಲಿ ಕಾಲ್ನಡಿಗೆಯ ಸಮೀಕ್ಷೆ ನಡೆಸಿತು. ಉತ್ತ ಹೊಲದಲ್ಲಿ ಹಂಚಿನ ಚೂರು, ಮಡಕೆ ಚೂರು ಆಯ್ದು ಎಲ್ಲೆಲ್ಲಿ ಮನೆಗಳಿದ್ದವೆಂದು ಗುರುತಿಸುತ್ತ ಹೋದರು. ಈ ಭಾಗದ ಮತ್ತು ಲಾಟಿಯಮ್ ಪ್ರದೇಶದ ತೋಟದ ಮನೆಗಳ ನೀರಿನ ಏರ್ಪಾಡನ್ನೇ ವಿಷಯವಾಗಿಟ್ಟು ರಾಬರ್ಟ್ ಥಾಮಸ್ ಮತ್ತು ಆಂಡ್ರೂ ವಿಲ್ಸನ್ 1994ರಲ್ಲಿ ಒಂದು ದೀರ್ಘ ಲೇಖನ ಪ್ರಕಟಿಸಿದರು. ಅಲ್ಲಿ ಮತ್ತೆ ಮತ್ತೆ ಎದುರಾಗುವುದು ನೆಲದಡಿಯ ನೀರಿನ ತೊಟ್ಟಿ. ಸುಣ್ಣದ ಗಾರೆಗೆ ಹಂಚಿನ ಪುಡಿ ಬೆರೆಸಿ ನೀರು ಇಂಗದಂತೆ ಒಳಗೋಡೆಗೆ ಬಳಿಯುತ್ತಿದ್ದರು. ಮಾಡಿನ ನೀರು, ಅಂಗಳದ ನೀರು ಅದಕ್ಕೆ ಇಳಿಯುತ್ತಿತ್ತು. ಜತೆಗೆ ಬಾವಿ, ಒರತೆ. ಚಿತ್ರ ತೆಗೆಯಲು ಇದರಲ್ಲಿ ಏನೂ ಇಲ್ಲ. ಆದರೆ ಆ ದೊಡ್ಡ ನಗರದ ಸುತ್ತಲಿನ ಹಳ್ಳಿಗರು ಬದುಕಿದ್ದು ಬಹುಮಟ್ಟಿಗೆ ಇದರಿಂದಲೇ.

ಉಳಬಾರದು, ಬಿತ್ತಬಾರದು, ನೆಡಬಾರದು

ನೀರು ಕೊಡದಿದ್ದರೆ ಹೋಗಲಿ, ಕಾಲುವೆ ರೈತನಿಂದ ಏನನ್ನಾದರೂ ಪಡೆಯುತ್ತಿತ್ತೇ? ಪಡೆಯುತ್ತಿತ್ತು.

ಕ್ರಿ.ಪೂ. 11ರ ಸೆನೆಟ್ ನಿರ್ಣಯದಂತೆ ಒರತೆ, ಕಮಾನು, ಗೋಡೆಗಳ ಎರಡೂ ಬದಿಗೆ 15 ಅಡಿ, ನೆಲದಡಿಯ ಕಾಲುವೆಯ ಎರಡೂ ಬದಿಗೆ 5 ಅಡಿ ಜಾಗ ಖಾಲಿ ಬಿಡಬೇಕು. ಮರ ಇರಕೂಡದು, ಬೇರು ಗೋಡೆ ಒಡೆಯುತ್ತದೆ. ಮೀರಿದರೆ 10,000 ಸೆಸ್ಟರ್ಸ್ ದಂಡ. ಎರಡು ವರ್ಷದ ನಂತರ ಬಂದ ಕಾನೂನಿನಲ್ಲಿ ಬೇಕೆಂದೇ ಕಾಲುವೆಗೆ ತೂತು ಮಾಡಿದವನಿಗೆ 1,00,000 ಸೆಸ್ಟರ್ಸ್ ದಂಡ. ಆ ಕಾಲದ ಸಾಮಾನ್ಯ ಸಿಪಾಯಿಯ ವರ್ಷದ ಸಂಬಳ 900 ಸೆಸ್ಟರ್ಸ್. ನೂರು ವರ್ಷ ದುಡಿದರೂ ತೀರದ ದಂಡ!

ದುರಸ್ತಿ ಬಂದಾಗ ಪಕ್ಕದ ಜಮೀನಿನಿಂದ ಮಣ್ಣು, ಕಲ್ಲು, ಮರಳು, ಮರ ತೆಗೆಯಬಹುದಿತ್ತು. ನ್ಯಾಯವಾಗಿ ಹೇಳಬೇಕೆಂದರೆ, ಅದಕ್ಕೆ ಬೆಲೆ ಕೊಡಬೇಕೆಂದೂ, ಬೆಲೆಯನ್ನು ಒಬ್ಬ ಸಜ್ಜನ ಕಟ್ಟಬೇಕೆಂದೂ ನಿರ್ಣಯದಲ್ಲಿತ್ತು. ಇಟಲಿಯ ವೆನಾಫ್ರೋ ಎಂಬ ಊರಿನಲ್ಲಿ ಸಿಕ್ಕಿದ ಆಗಸ್ಟಸನ ಶಾಸನದಲ್ಲಿ ಎರಡೂ ಬದಿಗೆ 8 ಅಡಿ ಬಿಡಬೇಕೆಂದಿದೆ. ಒಡೆಯ ಒಪ್ಪದೆ ಖಾಸಗಿ ಜಾಗದ ಮೂಲಕ ನೀರು ಒಯ್ಯಬಾರದೆಂದೂ ಇದೆ. ಜೋರಿನ ನಡುವೆ ಸ್ವಲ್ಪ ಧರ್ಮವೂ ಇತ್ತು.

ಈ ಕಾನೂನು ಕಾಗದದಲ್ಲಿ ಮಾತ್ರ ಇರಲಿಲ್ಲ, ಹೊಲದಲ್ಲಿ ನಿಂತಿತ್ತು. ರೋಮಿನ ಕಾಲುವೆಗಳ ದಾರಿಯಲ್ಲಿ 240 ಅಡಿಗೊಂದು ಕಲ್ಲು ನೆಟ್ಟು ನಂಬರು ಹಾಕಿದ್ದರು. ಅಂಥ ಎಷ್ಟೋ ಕಲ್ಲುಗಳು ಸಿಕ್ಕಿವೆ. ಕಾಲುವೆ ಎಲ್ಲಿ ಹೋಗಿತ್ತೆಂದು ಪತ್ತೆ ಹಚ್ಚಲು ಇವೇ ಆಧಾರ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಫ್ರಾನ್ಸಿನ ಶನ್ಯೋಂ ಎಂಬ ಹಳ್ಳಿಯ ಹತ್ತಿರ 1887ರಲ್ಲಿ ಸಿಕ್ಕಿದ ಕಲ್ಲು. ಲಿಯೋಂ ನಗರಕ್ಕೆ ನೀರು ಒಯ್ಯುತ್ತಿದ್ದ ಜಿಯೇ ಕಾಲುವೆಯ ದಾರಿ ಅದು. ಹೇಡ್ರಿಯನ್ ಚಕ್ರವರ್ತಿಯ ಅಪ್ಪಣೆಯಂತೆ, ಕಾಲುವೆಯ ರಕ್ಷಣೆಗೆ ಬಿಟ್ಟ ಜಾಗದಲ್ಲಿ ಉಳುವ, ಬಿತ್ತುವ, ನೆಡುವ ಹಕ್ಕು ಯಾರಿಗೂ ಇಲ್ಲ ಎಂದು ಅದರಲ್ಲಿ ಕೆತ್ತಿದೆ. ಆ ರೈತನಿಗೆ ಓದಲು ಬರುತ್ತಿತ್ತೋ ಇಲ್ಲವೋ. ಕಲ್ಲಿನ ಅರ್ಥವಂತೂ ತಿಳಿದಿದ್ದೀತು. ತನ್ನ ನೆಲದ ಅಡಿಯಲ್ಲಿ ನೀರು ಹರಿಯುವ ಸದ್ದು, ಮೇಲೆ ಉಳಬಾರದೆಂಬ ಕಲ್ಲು.

ಹಳ್ಳಿಯವರೇ ಬರೆದುಕೊಂಡ ಕಾನೂನು

ಇಲ್ಲಿಗೇ ನಿಲ್ಲಿಸಿದರೆ ಹಳ್ಳಿಗರು ಬರೀ ಕಳ್ಳರು ಇಲ್ಲವೇ ಬರೀ ಬಡಪಾಯಿಗಳು ಎಂದಾಗುತ್ತದೆ. ಅದು ಸತ್ಯವಲ್ಲ. ರೋಮಿನ ಹತ್ತಿರವೇ ಟಸ್ಕುಲಮ್ ಎಂಬಲ್ಲಿ ಆಕ್ವಾ ಕ್ರಾಬ್ರಾ ಎಂಬ ತೋಡಿನ ನೀರನ್ನು ಜಮೀನಿನವರು ಸರದಿಯಂತೆ, ಗೊತ್ತಾದ ದಿನ, ಗೊತ್ತಾದ ಅಳತೆಯಲ್ಲಿ ಹಂಚಿಕೊಳ್ಳುತ್ತಿದ್ದರು. ಹೆಸರಾಂತ ವಾಗ್ಮಿ ಸಿಸೆರೋ ಕೂಡ ತನ್ನ ತೋಟದ ಆ ನೀರಿಗೆ ಊರಿನವರಿಗೆ ತೆರಿಗೆ ಕಟ್ಟುತ್ತಿದ್ದ. ಆಗಸ್ಟಸನ ಬಲಗೈಯಾಗಿದ್ದ ಅಗ್ರಿಪ್ಪ ನಗರಕ್ಕೆ ಹೊಸ ಕಾಲುವೆ ತಂದಾಗ ಈ ನೀರನ್ನು ಊರವರಿಗೇ ಬಿಟ್ಟುಕೊಟ್ಟ.

ಉತ್ತರ ಆಫ್ರಿಕದ, ಈಗಿನ ಅಲ್ಜೀರಿಯಾ ದೇಶದ ಲಮಾಸ್ಬಾದಲ್ಲಿ ಒಂದು ಕಲ್ಲಿನ ಪಟ್ಟಿ ಸಿಕ್ಕಿದೆ. ಕ್ರಿ.ಶ. 218ರಿಂದ 222ರ ನಡುವಿನದು. ಪೂರ್ತಿ ಉಳಿದಿಲ್ಲ. ಅದರಲ್ಲಿ ಒಬ್ಬೊಬ್ಬ ಜಮೀನುದಾರನ ಹೆಸರು, ಅವನಿಗೆ ಇಂಥ ದಿನ ಇಂಥ ಹೊತ್ತಿನಿಂದ ಇಷ್ಟು ಗಂಟೆ ನೀರು ಎಂದು ಸಾಲಾಗಿ ಕೆತ್ತಿದ್ದಾರೆ. ಸರದಿ ಸೆಪ್ಟೆಂಬರ್ ಕೊನೆಯಿಂದ ಶುರು. ಕೆಲವರ ಸರದಿ ರಾತ್ರಿ ಹೊತ್ತಿಗೆ ಬರುತ್ತಿತ್ತು. ಚಳಿಯಲ್ಲಿ ಎದ್ದು ಹೋಗಿ ನೀರು ತಿರುಗಿಸಿದವರ ಹೆಸರುಗಳು ಇವು. ದೊರೆಗಳ ಹೆಸರಿನ ನಡುವೆ ಇಂಥವರ ಹೆಸರೂ ಕಲ್ಲಿನಲ್ಲಿ ಉಳಿದಿದೆಯೆಂದರೆ ನನಗೆ ಬಹಳ ಸಂತೋಷ.

ಇನ್ನೂ ದೊಡ್ಡ ಸಾಕ್ಷಿ ಸಿಕ್ಕಿದ್ದು 1993ರಲ್ಲಿ, ಸ್ಪೇನಿನ ಸರಗೋಸಾ ನಗರದ ಹತ್ತಿರ ಆಗೋನ್ ಎಂಬಲ್ಲಿ. ತುಂಡುತುಂಡಾಗಿದ್ದ ಕಂಚಿನ ಫಲಕ. ಫ್ರಾನ್ಸಿಸ್ಕೋ ಬೆಲ್ಟ್ರಾನ್ ಯೋರಿಸ್ ಎಂಬ ವಿದ್ವಾಂಸರು 2006ರಲ್ಲಿ ಅದನ್ನು ಓದಿ ಪ್ರಕಟಿಸಿದರು. ಹೇಡ್ರಿಯನ್ ಕಾಲದ್ದು. ಎಬ್ರೋ ನದಿಯ ಕಾಲುವೆಯೊಂದನ್ನು ಹಂಚಿಕೊಂಡಿದ್ದ ಹಳ್ಳಿಗಳ ಕಾನೂನು ಅದು. ಕಾಲುವೆಯ ಹೂಳೆತ್ತಲು, ದುರಸ್ತಿ ಮಾಡಲು ಎಲ್ಲರೂ ಆಳು ಕೊಡಬೇಕು. ಹಳ್ಳಿಯ ಮುಖ್ಯಸ್ಥರು ಸಭೆ ಕರೆಯಬೇಕು. ಹೆಚ್ಚು ಮತ ಬಿದ್ದದ್ದೇ ತೀರ್ಮಾನ. ಯಾರಿಗೆ ಎಷ್ಟು ನೀರಿನ ಹಕ್ಕೋ ಅದಕ್ಕೆ ತಕ್ಕ ಹೊಣೆ. ತಪ್ಪಿದವರಿಗೆ ದಂಡ. ಆ ಹಳ್ಳಿಗಳಲ್ಲೊಂದರ ಹೆಸರು ಇಂದಿಗೂ ಗಾಲ್ಯೂರ್ ಎಂಬ ಊರಿನ ಹೆಸರಾಗಿ ಉಳಿದಿದೆ.

ಇದರಲ್ಲಿ ಕಮಾನೂ ಇಲ್ಲ, ಅಮೃತಶಿಲೆಯೂ ಇಲ್ಲ. ಹೊಂಡ, ಹೂಳು, ಸಭೆ, ಜಗಳ, ದಂಡ... ನಮ್ಮಲ್ಲಿ ಮಳೆ ನಿಂತ ಮೇಲೆ ತೋಡಿಗೆ ಕಟ್ಟ ಹಾಕಲು ಮನೆಗೊಬ್ಬರಂತೆ ಸೇರುತ್ತಿದ್ದದ್ದನ್ನು ಕಂಡ ಹಿರಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಗೋಡೆಯ ಮೇಲಿನ ಸುಣ್ಣದ ಪದರ

ಕೊನೆಯದಾಗಿ ಮತ್ತೆ ಗೋಡೆಯ ಚಿತ್ರಕ್ಕೆ ಬರೋಣ. ನೀಮ್ ಕಾಲುವೆಯ ನೀರಿನಲ್ಲಿ ಸುಣ್ಣದ ಅಂಶ ಬಹಳ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಹಾಗೆ ಕಾಲುವೆಯ ಗೋಡೆಯಲ್ಲೂ ಕಟ್ಟಿತು. ಕೆಲವೆಡೆ ಅರ್ಧ ಮೀಟರಿನ ಹತ್ತಿರದಷ್ಟು ದಪ್ಪ! ಮರದ ಉಂಗುರದಂತೆ ಈ ಪದರಗಳನ್ನು ಓದಬಹುದು. ಶುದ್ಧ ನೀರು ಹರಿದ ವರ್ಷಗಳ ಪದರ ಬೇರೆ, ಯಾರೂ ನೋಡಿಕೊಳ್ಳದೆ ಮಣ್ಣು ಬೇರು ಸೇರಿದ ವರ್ಷಗಳದ್ದು ಬೇರೆ. ಫ್ರಾನ್ಸಿನದೇ ಕಾಓರ್ ಪಟ್ಟಣದ ಕಾಲುವೆಯ ಪದರಗಳ ಬಗ್ಗೆ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪದರಗಳ ನಡುವೆ ಪಿಕ್ಕಾಸಿನ ಏಟಿನ ಗುರುತುಗಳು ಸಿಕ್ಕಿವೆ. ಒಂದರಿಂದ ಐದು ವರ್ಷಕ್ಕೊಮ್ಮೆ ಕಾಲುವೆಯನ್ನು ಕೆರೆದು ಚೊಕ್ಕಟ ಮಾಡುತ್ತಿದ್ದರಂತೆ. ಕಾಲುವೆಯೊಳಗೆ ಬಗ್ಗಿ ಕೆಲಸ ಮಾಡಿದವರ ಹೆಸರು ಎಲ್ಲೂ ಇಲ್ಲ. ಅವರ ಕೈಯ ಏಟು ಮಾತ್ರ ಉಳಿದಿದೆ.

ನೀಮ್ ಕಾಲುವೆಯ ಕೊನೆಯ ದಿನಗಳಲ್ಲಿ, ನಗರದ ಹಿಡಿತ ಸಡಿಲವಾದಾಗ, ದಾರಿಯಲ್ಲಿದ್ದವರು ಗೋಡೆ ಕೊರೆದು ನೀರನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡರು. ನೀರು ಪೂರ್ತಿ ನಿಂತ ಮೇಲೆ ಆ ಸುಣ್ಣದ ಪದರಗಳನ್ನೇ ಕಲ್ಲಿನಂತೆ ಕಡಿದು ಒಯ್ದು ಸುತ್ತಲಿನ ಚರ್ಚುಗಳ ಗೋಡೆಗೆ ಬಳಸಿದರು. ನೂರಾರು ವರ್ಷ ತಮ್ಮ ಊರಿನ ಮೂಲಕ ಸುಮ್ಮನೆ ಹಾದುಹೋದ ನೀರು ಕೊನೆಗೆ ಕಲ್ಲಾಗಿ ಹಳ್ಳಿಗೆ ದಕ್ಕಿತು!

ನಿನ್ನೆ ಆ ಹುಡುಗಿಯನ್ನು ಕರೆದು ಇಷ್ಟನ್ನೂ ಹೇಳಿದೆ. ಅಪ್ಪಣೆ ಇದ್ದ ಶ್ರೀಮಂತರಿಗೆ ಸಿಕ್ಕಿತು, ಧೈರ್ಯ ಇದ್ದವರು ಕದ್ದರು, ಉಳಿದವರು ಮಳೆನೀರು ಹಿಡಿದರು, ಕೆಲವು ಕಡೆ ಹಳ್ಳಿಯವರು ಒಟ್ಟಾಗಿ ತಮ್ಮದೇ ಕಾಲುವೆ ನಡೆಸಿದರು ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದ್ರೆ ಮಾಷ್ಟ್ರೇ, ನಾವು ಕೊಡಪಾನ ಇಡೋದು ಕಳ್ಳತನ ಅಲ್ಲ ಅಲ್ವಾ? ಅದು ಸೋರಿದ ನೀರು” ಎಂದಳು.

ಅಲ್ಲ ಮಗಾ, ಎಂದೆ. ನೆಲದ ಮೇಲೆ ಸೋರಿ ವ್ಯರ್ಥವಾಗಿ ಹೋಗುವ ನೀರನ್ನು ಹಿಡಿಯುವುದು ಕಳ್ಳತನ ಹೇಗಾದೀತು? ಆದರೆ ನಿಮ್ಮ ಮನೆಗೂ ಒಂದು ನಳ್ಳಿ ಬೇಕೆಂದು ಕೇಳುವುದು ಅದಕ್ಕಿಂತ ಒಳ್ಳೆಯದು. ಬರುವ ಗ್ರಾಮಸಭೆಗೆ ಅರ್ಜಿ ಬರೆಯಲು ಅವಳಿಗೆ ಸಹಾಯ ಮಾಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಅರ್ಜಿಯ ಕರಡನ್ನು ಅವಳೇ ಬರೆದು ತರುತ್ತಾಳಂತೆ.

ಓದುಗ ಮಿತ್ರರೇ, ನಿಮ್ಮ ಶಾಲೆಯ ಮಕ್ಕಳಿಗೆ ಒಂದು ಸಣ್ಣ ಕೆಲಸ ಕೊಡಿ. ಊರಿನ ಹಳೆಯ ಬಾವಿ, ಸುರಂಗ, ಮದಕ, ಕಟ್ಟ ಎಲ್ಲೆಲ್ಲಿವೆ, ಯಾರು ತೋಡಿಸಿದರು, ಸರದಿ ಹೇಗಿತ್ತು ಎಂದು ಅಜ್ಜ ಅಜ್ಜಿಯರಲ್ಲಿ ಕೇಳಿ ಬರೆದು ತರಲಿ. ಫ್ರಾಂಟಿನಸ್ ಮಾಡಿದ್ದೂ ಅದನ್ನೇ, ಹೋಗಿ ನೋಡಿ ಅಳೆದು ಬರೆದಿಟ್ಟದ್ದು. ನಗರದ ನೀರಿನ ಕತೆ ಹೇಳಲು ಅವನಿದ್ದ. ನಮ್ಮ ಹಳ್ಳಿಯದನ್ನು ನಾವೇ ಬರೆಯಬೇಕಷ್ಟೆ.